ಕೆಂಡೋದಲ್ಲಿ ಎಡಗೈಗೆ ಕೆಲಸ ಕೊಡುವುದು

ಜಪಾನಿನ ಕತ್ತಿವರಸೆ ಕೆಂಡೋಗೆ ಹೊಸದಾಗಿ ಬಂದವರು ಬಲಗೈಯಿಂದಲೇ ಹೊಡೆಯುತ್ತಾರೆ. ಕತ್ತಿಯ ಬದಲು ಬಳಸುವ ಬಿದಿರ ಶಿನಾಯಿ ಹಿಡಿದಾಗ ಬಲಗೈ ಮುಂದಿರುತ್ತದೆ, ಹಾಗಾಗಿ ಕೆಲಸವೂ ಅದರದ್ದೇ ಅನ್ನಿಸುವುದು ಸಹಜ. ಆದರೆ ಎತ್ತುವುದೂ ಇಳಿಸುವುದೂ ಎಡಗೈ. ಬಲಗೈ ದಾರಿ ತೋರಿಸಿದರೆ ಸಾಕು. ಶುರುವಿನ ತಿಂಗಳುಗಳಲ್ಲಿ ನಾನು ಹೆಚ್ಚು ಗಮನ ಕೊಟ್ಟಿದ್ದು ಇದೊಂದಕ್ಕೇ.

ಹಿಡಿಕೆಯ ತುದಿ ಎಡ ಅಂಗೈಯೊಳಗೇ ಮುಗಿಯಬೇಕು. ಕಿರುಬೆರಳು, ಉಂಗುರಬೆರಳು ಬಿಗಿಯಾಗಿರಲಿ. ತೋರುಬೆರಳು, ಹೆಬ್ಬೆರಳು ಸುಮ್ಮನೆ ತಾಗಿದ್ದರಾಯಿತು. ಇವೆರಡರ ನಡುವಿನ ಸಂದು ಶಿನಾಯಿಯ ಉದ್ದಕ್ಕೆ ಬಿಗಿದ ತ್ಸುರು ದಾರದ ನೇರಕ್ಕೆ ಬರಬೇಕು. ದಾರವಿರುವ ಕಡೆ ಕತ್ತಿಯ ಬೆನ್ನು, ಅದು ಯಾವಾಗಲೂ ಮೇಲೆ. ಚೂದಾನ್ ಎಂಬ ಮೂಲ ನಿಲುವಿನಲ್ಲಿ ಎಡಮುಷ್ಟಿ ಹೊಟ್ಟೆಯಿಂದ ಒಂದು ಮುಷ್ಟಿಯಷ್ಟು ದೂರ, ಶಿನಾಯಿಯ ತುದಿ ಎದುರಾಳಿಯ ಗಂಟಲಿನತ್ತ. ಹೊಡೆತ ತಾಗುವ ಕ್ಷಣಕ್ಕೆ ಮಾತ್ರ ಎರಡೂ ಕೈ ಒದ್ದೆ ಬಟ್ಟೆ ಹಿಂಡುವಂತೆ ಒಳಕ್ಕೆ ಬಿಗಿಯಾಗಿ, ತಕ್ಷಣ ಸಡಿಲವಾಗಬೇಕು.

ಸರಿಯಾಗಿ ಹಿಡಿದಿದ್ದೇವೋ ಇಲ್ಲವೋ ಎನ್ನುವುದನ್ನು ಬೊಕ್ಕೆಗಳೇ ಹೇಳುತ್ತವೆ. ಎಡ ಅಂಗೈಯಲ್ಲಿ ಕಿರುಬೆರಳು, ಉಂಗುರಬೆರಳಿನ ಬುಡದಲ್ಲಿ ಎದ್ದರೆ ಚಿಂತೆಯಿಲ್ಲ. ಬಲಗೈ ಹೆಬ್ಬೆರಳಿನ ಸಂದಿನಲ್ಲಿ ಎದ್ದರೆ ಬಲಗೈ ದುಡಿಯುತ್ತಿದೆ ಎಂದರ್ಥ. ಇನ್ನೊಂದು ಪರೀಕ್ಷೆ: ಕನ್ನಡಿಯ ಮುಂದೆ ನಿಧಾನವಾಗಿ ಸುಬುರಿ, ಅಂದರೆ ಗಾಳಿಯಲ್ಲಿ ಬೀಸುವ ಅಭ್ಯಾಸ, ಮಾಡಿ. ಇಳಿಯುವಾಗ ಶಿನಾಯಿ ಎಡಕ್ಕೆ ವಾಲಿದರೆ ಬಲಗೈ ತಳ್ಳುತ್ತಿದೆ. ತಲೆಯ ಹಿಂದೆ ತುದಿ ದೊಪ್ಪನೆ ಬೀಳುತ್ತಿದ್ದರೆ ಎಡ ಕಿರುಬೆರಳು ಬಿಟ್ಟುಕೊಂಡಿದೆ. ಇದಕ್ಕೆ ಮದ್ದು ಎಡಗೈ ಒಂದರಲ್ಲೇ ಸುಬುರಿ. ಎಣಿಕೆ ಕಡಿಮೆಯಿರಲಿ, ಗೆರೆ ನೇರವಿರಲಿ. ಅವಸರದಲ್ಲಿ ಸಾವಿರ ಬೀಸಿದರೆ ತಪ್ಪೇ ಗಟ್ಟಿಯಾಗುತ್ತದೆ.

ಕಾಲಿನಲ್ಲೂ ಎಡಕ್ಕೇ ಹೊಣೆ. ಬಲಗಾಲು ಮುಂದೆ, ಎಡಗಾಲಿನ ಬೆರಳುಗಳು ಬಲ ಹಿಮ್ಮಡಿಯ ಮಟ್ಟಕ್ಕೆ, ನಡುವೆ ಒಂದು ಮುಷ್ಟಿ ಜಾಗ. ಎಡ ಹಿಮ್ಮಡಿ ತುಸು ಎತ್ತಿರಬೇಕು, ಎರಡೂ ಪಾದ ನೇರ ಮುಂದಕ್ಕೆ ನೋಡಬೇಕು. ದಣಿದಾಗ ಎಡಪಾದ ಹೊರಕ್ಕೆ ತಿರುಗುತ್ತದೆ. ಆಗ ತಳ್ಳುವ ಬಲವೂ ಹೋಗುತ್ತದೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೂ ಪೆಟ್ಟು. ಹೊಡೆಯುವಾಗ ಬಲಗಾಲನ್ನು ಮುಂದಕ್ಕೆ ಅಪ್ಪಳಿಸುವ ಫುಮಿಕೋಮಿಯಲ್ಲಿ ಅದನ್ನು ಎತ್ತರಕ್ಕೆ ಎತ್ತಿ ಕುಕ್ಕಬಾರದು; ಎಡಗಾಲು ತಳ್ಳಿದ್ದಕ್ಕೆ ಬಲಪಾದ ಇಡಿಯಾಗಿ ನೆಲಕ್ಕೆ ತಾಗಬೇಕು. ಹಿಮ್ಮಡಿ ಮೊದಲು ತಾಗಿದರೆ ಒಳಗೇ ಕಂದುತ್ತದೆ. ಜಪಾನಿನ ದೋಜೋಗಳ (ಅಭ್ಯಾಸದ ಮನೆಗಳ) ಮರದ ನೆಲ ಪುಟಿಯುತ್ತದೆ. ನಮ್ಮ ಕಡೆಯ ಗ್ರಾನೈಟ್, ಸಿಮೆಂಟ್ ನೆಲ ಪುಟಿಯುವುದಿಲ್ಲ, ಅಲ್ಲಿ ಫುಮಿಕೋಮಿ ಬಿಟ್ಟು ಕಾಲು ಜಾರಿಸುವ ಸುರಿಆಶಿಯನ್ನಷ್ಟೇ ಮಾಡುವುದು ಲೇಸು.

ವಯಸ್ಕರಿಗೆ 39ರ ಅಳತೆಯ ಶಿನಾಯಿ: ಉದ್ದ 120 ಸೆಂ.ಮೀ. ಮೀರುವಂತಿಲ್ಲ, ತೂಕ ಗಂಡಸರಿಗೆ ಕನಿಷ್ಠ 510 ಗ್ರಾಂ, ಹೆಂಗಸರಿಗೆ 440. ನಾಲ್ಕು ಬಿದಿರ ಪಟ್ಟಿಗಳ ಅಂಚನ್ನು ಪ್ರತಿ ಅಭ್ಯಾಸಕ್ಕೂ ಮೊದಲು ನೋಡಿ, ಸಿಬಿರು ಎದ್ದಿದ್ದರೆ ಉಪ್ಪುಕಾಗದದಿಂದ ಉಜ್ಜುತ್ತೇನೆ. ಬಿರುಕು ಬಿಟ್ಟ ಪಟ್ಟಿಯನ್ನು ಅಂಟು, ಟೇಪು ಹಾಕಿ ಉಳಿಸಿಕೊಳ್ಳಬಾರದು. ಮುರಿದ ಚೂರು ತಲೆ, ಮುಖ ಕಾಯುವ ಮೆನ್‌ನ ಕಂಬಿಗಳ ನಡುವೆ ತೂರಿದರೆ ಎದುರಿನವರ ಕಣ್ಣಿಗೇ ಅಪಾಯ. ತ್ಸುರು ಸಡಿಲವಾದರೆ ತುದಿಯ ತೊಗಲು ಕಳಚಿಕೊಳ್ಳುತ್ತದೆ, ಫಲ ಅದೇ. ನಡುವಿನ ತೊಗಲ ಕಟ್ಟು, ನಾಕಾಯುಯಿ, ತುದಿಯಿಂದ ಸುಮಾರು ಕಾಲು ಭಾಗದಲ್ಲಿ ಕದಲದೆ ನಿಲ್ಲಬೇಕು.

ಬೋಗು, ಅಂದರೆ ಮೈಗೆ ತೊಡುವ ರಕ್ಷಾಕವಚ, ಕೊಳ್ಳಲು ಆತುರ ಬೇಡ. ಮೊದಲಿಗೆ ಶಿನಾಯಿ, ಕೇಕೋಗಿ (ಮೇಲಂಗಿ), ಹಕಾಮಾ (ಅಗಲ ನೆರಿಗೆಯ ಷರಾಯಿ) ಸಾಕು. ಬೋಗು ಬಂದ ಮೇಲೆ ತೊಡುವ ಕ್ರಮ ಸೊಂಟಕ್ಕೆ ತಾರೆ, ಎದೆಗೆ ದೋ, ತಲೆಗೆ ತೆನುಗುಯಿ ಬಟ್ಟೆ, ಮೆನ್, ಕೊನೆಗೆ ಕೈಗವಸು ಕೋತೆ. ಅದರಲ್ಲೂ ಎಡದ್ದು ಮೊದಲು. ಮೆನ್ ದಾರ ಗಂಟಿನಿಂದ 40 ಸೆಂ.ಮೀ.ಗಿಂತ ಉದ್ದ ಜೋತಾಡಬಾರದು. ಮೆನ್ ತೊಟ್ಟ ಮೊದಲ ವಾರಗಳಲ್ಲಿ ಭಾರಕ್ಕೆ ಭುಜ ಏರುತ್ತದೆ, ಬಲಗೈಯೇ ಮತ್ತೆ ದುಡಿಯತೊಡಗುತ್ತದೆ. ಆಗ ವೇಗ ಇಳಿಸಿ, ಪ್ರತಿ ಹೊಡೆತವನ್ನೂ ತಲೆಯ ಮೇಲಿನಿಂದ ದೊಡ್ಡದಾಗಿಯೇ ಎತ್ತಿ ಹೊಡೆಯಿರಿ.