ಕಾಡಿಗೆ ಹೊರಡುವ ಮೊದಲು ತಿಂಗಳು ನೋಡಿ

ಶಿರಸಿ, ಸಿದ್ದಾಪುರ, ಜೋಯಿಡಾ, ಕಾರವಾರದ ಘಟ್ಟಕ್ಕೆ ಹೋಗುವವರು ದಾರಿ ವಿಚಾರಿಸುತ್ತಾರೆ, ತಿಂಗಳು ವಿಚಾರಿಸುವುದಿಲ್ಲ. ಯಾವ ಅಪಾಯ ಎದುರಾಗುತ್ತದೆ ಎಂಬುದು ಹೆಚ್ಚಾಗಿ ತಿಂಗಳ ಮೇಲೇ ನಿಂತಿದೆ.

ಅದಕ್ಕೂ ಮೊದಲು ಪರವಾನಗಿ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿವೆ. ಅನುಮತಿಯಿಲ್ಲದೆ ಒಳಗೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಹಳೆಯ ನಕ್ಷೆ ನಂಬಬೇಡಿ. ಅಘನಾಶಿನಿ ಕಣಿವೆಯ ಸಿಂಗಳೀಕ ಸಂರಕ್ಷಣಾ ಮೀಸಲು 2019ರಲ್ಲಿ ಶರಾವತಿ ಅಭಯಾರಣ್ಯಕ್ಕೆ ಸೇರಿತು, ಅದರೊಂದಿಗೆ ಅಲ್ಲಿನ ನಿಯಮವೂ ಬದಲಾಯಿತು. ಹೋಗುವ ಜಾಗದ ಹೆಸರು ಹೇಳಿ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲೇ ಕೇಳಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಉಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ಕಾಲ. ಸಾಮಾನ್ಯ ಕಾಲುಚೀಲದ ಹೆಣಿಗೆಯಲ್ಲಿ ಅದು ನುಸುಳುತ್ತದೆ. ಒತ್ತಾಗಿ ನೇಯ್ದ ದಪ್ಪ ಬಟ್ಟೆಯ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಏರಿಸಿ ಕಟ್ಟಿ. ಕಚ್ಚಿದರೆ ಎಳೆಯಬೇಡಿ, ಸಪೂರ ತುದಿಯ ಬುಡಕ್ಕೆ ಉಗುರು ಕೊಟ್ಟು ಪಕ್ಕಕ್ಕೆ ಸರಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುತ್ತದೆ. ಹಾಗಾಗಿ ರಕ್ತ ಬೇಗ ನಿಲ್ಲದು, ಶುದ್ಧ ಬಟ್ಟೆ ಒತ್ತಿ ಹಿಡಿದಿರಿ. ಇಷ್ಟಕ್ಕೆ ಹೆದರುವುದೇನಿಲ್ಲ.

ಹೆದರಬೇಕಾದ್ದು ಉಣುಗಿಗೆ, ಅಂದರೆ ಉಣ್ಣೆಗೆ. ಡಿಸೆಂಬರ್‌ನಿಂದ ಮೇವರೆಗೆ ದರಕಿನಲ್ಲಿ (ಉದುರಿದ ಒಣ ಎಲೆಗಳಲ್ಲಿ) ಮರಿ ಉಣುಗು ತುಂಬಿರುತ್ತದೆ. ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ತಿಳಿಯುವುದೇ ಇಲ್ಲ. ಮಂಗನ ಕಾಯಿಲೆ ಹರಡುವುದು ಇದರಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ವೈರಸ್ ಸಿದ್ದಾಪುರ, ಹೊನ್ನಾವರದ ಕಡೆಯೂ ಜೀವ ತೆಗೆದಿದೆ.

ಉದ್ದ ತೋಳಿನ ತಿಳಿಬಣ್ಣದ ಅಂಗಿ ತೊಡಿ, ಬಿಳುಪಿನ ಮೇಲೆ ಉಣುಗು ಕಾಣುತ್ತದೆ. ಹೊರಡುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲು, ಕುತ್ತಿಗೆಗೆ ಹಚ್ಚಿ. ದರಕಿನ ಮೇಲೆ ಕೂರಬೇಡಿ, ದನ ಮಲಗುವ ಜಾಗದಲ್ಲಂತೂ ಬೇಡವೇ ಬೇಡ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ಸೊಂಟ, ಕಿವಿಯ ಹಿಂದೆ, ಮೊಣಕಾಲಿನ ಮಡಿಕೆ ನೋಡಿ. ಅಂಟಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಗುರಿನಲ್ಲಿ ಹಿಸುಕಲೂ ಬಾರದು.

ಕಾಡಿನಿಂದ ಬಂದ ಮೂರರಿಂದ ಎಂಟು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ ಕಾಡಿಗೆ ಹೋಗಿದ್ದ ದಿನ ಮತ್ತು ಜಾಗವನ್ನು ಡಾಕ್ಟರಿಗೆ ಹೇಳಿ. ಹೇಳದಿದ್ದರೆ ಸಾದಾ ಜ್ವರವೆಂದೇ ಮದ್ದು ನಡೆಯುತ್ತದೆ. ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್‌ನಂಥ ಮಾತ್ರೆ ನೀವಾಗಿ ನುಂಗಬೇಡಿ. ಸತ್ತ ಮಂಗ ಅಥವಾ ಮುಸಿಯ (ಕಪ್ಪು ಮೋರೆಯ ಉದ್ದ ಬಾಲದ ಕೋತಿ) ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ, ಅರಣ್ಯ ಇಲಾಖೆಗೆ ತಿಳಿಸಿ. ಆ ಜಾಗದಲ್ಲಿ ನಿಲ್ಲಲೂ ಬೇಡಿ, ಸತ್ತ ಮೈಯಿಂದ ಇಳಿದ ಉಣುಗು ಸುತ್ತಲೂ ಹರಡಿರುತ್ತದೆ.

ಬೇಸಿಗೆಯಲ್ಲೇ ದಾಂಡೇಲಿ ಕಡೆ ಮಂಗಟ್ಟೆ ಹಕ್ಕಿ ಗೂಡು ಮಾಡುತ್ತದೆ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಸೀಳಿನಷ್ಟು ಕಿಂಡಿಯಲ್ಲಿ ಗಂಡು ಹಣ್ಣು ತಂದುಕೊಡಬೇಕು. ಮರದ ಬುಡದಲ್ಲಿ ಜನ ನಿಂತರೆ ಗಂಡು ಹತ್ತಿರ ಬರುವುದಿಲ್ಲ, ಒಳಗಿನವು ಹಸಿದಿರುತ್ತವೆ. ಆ ಫೋಟೋ ಬಿಟ್ಟುಬಿಡಿ. ದೂರದಲ್ಲಿ ಹಣ್ಣು ಬಿಟ್ಟ ಆಲದ ಮರದ ಎದುರು ಬೆಳಿಗ್ಗೆ ಕಾದರೆ ಅದೇ ಹಕ್ಕಿ ಕಾಣಸಿಗುತ್ತದೆ.

ತಿಂಗಳು ನೋಡಿ ಪ್ರಯೋಜನವಿಲ್ಲದ ಜಾಗವೊಂದಿದೆ: ಕಾಳಿ ನದಿಯ ಪಾತ್ರ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಮಳೆಯಿಲ್ಲದ ದಿನವೂ ಹೊಳೆ ಏರುತ್ತದೆ. ನಡುವಿನ ಬಂಡೆಗೆ ದಾಟಿ ಊಟಕ್ಕೆ ಕೂರಬೇಡಿ. ಒದ್ದೆ ಗುರುತು ಇರುವ ಎತ್ತರಕ್ಕಿಂತ ಮೇಲೆ, ದಡದಲ್ಲೇ ಇರಿ.