ಮೂತ್ರದ ಮಾತ್ರೆಯ ಬಗ್ಗೆ ಕೇಳದೇ ಹೋದ ದಿನ

ಶಿವಮೊಗ್ಗದಲ್ಲಿ ಕಣ್ಣಿನ ಪೊರೆ ಆಪರೇಷನ್ ಮಾಡಲು ಶುರು ಮಾಡಿ ಎಷ್ಟೋ ವರ್ಷಗಳಾದವು. ಹೊಸನಗರದ ಕಡೆಯ ಒಬ್ಬ ಅಜ್ಜನ ಬಲಗಣ್ಣನ್ನು ಮಾತ್ರ ನಾನು ಮರೆತಿಲ್ಲ.

72 ವರ್ಷ, ಅಡಿಕೆ ತೋಟದವರು. ಮೊದಲ ಸಲ ಬಂದಾಗಲೇ ಆಪರೇಷನ್ ಮಾಡಿಸಿಕೊಳ್ಳಿ ಎಂದಿದ್ದೆ. "ಅಡಿಕೆ ಕೊಯ್ಲು ಮುಗೀಲಿ ಡಾಕ್ಟ್ರೇ, ಪೊರೆನೂ ಹಣ್ಣಾಗ್ಲಿ" ಎಂದು ಹೋದವರು ಎರಡು ಕೊಯ್ಲು ಕಳೆದ ಮೇಲೆ ಬಂದರು. ಪೊರೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಹಣ್ಣಾಗುವವರೆಗೆ ಕಾಯುವ ಕಾಲ ಹಿಂದೆ ಇತ್ತು. ಈಗ ಕಾದಷ್ಟೂ ತೆಗೆಯುವುದು ಕಷ್ಟ, ಕಣ್ಣಿಗೆ ಪೆಟ್ಟು ಜಾಸ್ತಿ.

ಬಿಪಿ ಕೇಳಿದೆ, ಶುಗರ್ ಕೇಳಿದೆ, ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ ಎಂದೂ ಕೇಳಿದೆ. ಪ್ರಾಸ್ಟೇಟ್ ತೊಂದರೆಗೆ ಟಾಮ್ಸುಲೋಸಿನ್ ತೆಗೆದುಕೊಳ್ಳುತ್ತೀರಾ ಎಂದು ಕೇಳಲಿಲ್ಲ. ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಅಂತ ಅವರೂ ಹೇಳಲಿಲ್ಲ. ಸಂಬಂಧ ಇದೆ. ಪಾಪೆಯನ್ನು ಹಿಗ್ಗಿಸುವ ಸ್ನಾಯುವನ್ನು ಆ ಮಾತ್ರೆ ಸಡಿಲ ಮಾಡುತ್ತದೆ. 2005ರಿಂದಲೇ ವೈದ್ಯರಿಗೆ ಗೊತ್ತಿರುವ ವಿಷಯ ಇದು. ಮಾತ್ರೆ ನಿಲ್ಲಿಸಿದರೂ ಪರಿಣಾಮ ಪೂರ್ತಿ ಹೋಗುವುದಿಲ್ಲ, ಆದರೆ ಮೊದಲೇ ಗೊತ್ತಿದ್ದರೆ ನಾವು ತಯಾರಾಗಿರುತ್ತೇವೆ.

ನಾನು ತಯಾರಾಗಿರಲಿಲ್ಲ. ಹನಿ ಮೇಲೆ ಹನಿ ಹಾಕಿದರೂ ಪಾಪೆ ಅರ್ಧಕ್ಕೇ ನಿಂತಿತು. ಫೇಕೋ, ಅಂದರೆ ಅಲ್ಟ್ರಾಸೌಂಡಿನಿಂದ ಪೊರೆ ಒಡೆದು ಹೀರುವ ಕೆಲಸ, ಶುರುವಾದ ಮೇಲೆ ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್ ಒದ್ದೆ ಬಟ್ಟೆಯ ಹಾಗೆ ಅಲೆಯತೊಡಗಿತು, ಪಾಪೆ ಇನ್ನೂ ಕುಗ್ಗಿತು. ಕೊನೆಯ ತುಂಡು ತೆಗೆಯುವಾಗ ಕಣ್ಣಿನ ಮುಂಗೋಣೆ, ಅಂದರೆ ಐರಿಸ್‌ನ ಮುಂದಿನ ಜಾಗ, ಇದ್ದಕ್ಕಿದ್ದಂತೆ ಆಳವಾಯಿತು, ಪಾಪೆ ಒಂದು ಕ್ಷಣ ಅಗಲವಾಯಿತು. ಪೊರೆಯನ್ನು ಸುತ್ತಿರುವ ಚೀಲದ ಹಿಂಬದಿ ಹರಿದಿದೆ ಎನ್ನುವುದಕ್ಕೆ ಅದೇ ಗುರುತು. ಹೊಸ ಲೆನ್ಸ್ ಕೂರಬೇಕಾದ ಆ ಚೀಲ ಹಿಂಭಾಗದ ನಡುವೆ ಸುಮಾರು 4 ಮೈಕ್ರಾನ್ ದಪ್ಪ, ತಲೆಗೂದಲಿನ ಹತ್ತರಲ್ಲಿ ಒಂದು ಪಾಲೂ ಇಲ್ಲ.

ಆಗ ಗಾಬರಿಯಲ್ಲಿ ಉಪಕರಣ ಹೊರಗೆಳೆದರೆ ಒತ್ತಡ ಇಳಿದು ಹಿಂದಿನ ವಿಟ್ರಿಯಸ್ ಲೋಳೆ ಮುಂದಕ್ಕೆ ನುಗ್ಗುತ್ತದೆ. ಬಲಗೈ ಅಲುಗಿಸದೆ ಎಡಗೈಯಿಂದ ಪಕ್ಕದ ರಂಧ್ರದಲ್ಲಿ ವಿಸ್ಕೋ ಎಂಬ ಮಂದ ದ್ರವ ತುಂಬಿಸಿದೆ, ಆಮೇಲೆ ಹೊರಗೆ ತೆಗೆದೆ. ಮುಂದೆ ಬಂದಿದ್ದಷ್ಟು ಲೋಳೆಯನ್ನು ಕತ್ತರಿಸಿ ತೆಗೆದೆ. ಬಟ್ಟೆಯ ಕೆಳಗಿನಿಂದ ಅಜ್ಜ, "ಏನಾದ್ರೂ ತೊಂದ್ರೆ ಆಯ್ತಾ?" ಎಂದರು. "ಸ್ವಲ್ಪ ಆಗಿದೆ, ಸರಿ ಮಾಡ್ತಾ ಇದೀನಿ, ಅಲ್ಲಾಡಬೇಡಿ" ಎಂದೆ. ತೆಗೆದಿಟ್ಟಿದ್ದ ಒಂದೇ ತುಂಡಿನ ಲೆನ್ಸನ್ನು ಅಲ್ಲಿ ಹಾಕುವ ಹಾಗಿರಲಿಲ್ಲ, ಚೀಲದ ಹೊರಗಿಟ್ಟರೆ ಅದು ಐರಿಸ್‌ಗೆ ಉಜ್ಜುತ್ತದೆ. ಚೀಲದ ಮುಂಬದಿ ಗಟ್ಟಿಯಿತ್ತು. ಅದರ ಮೇಲೆ ಮೂರು ತುಂಡಿನ ಲೆನ್ಸ್ ಕೂರಿಸಿದೆ. ಕೂರುವ ಜಾಗ ಮುಂದಕ್ಕೆ ಬಂದಿದ್ದರಿಂದ 21 ಇದ್ದ ಪವರನ್ನು 20ಕ್ಕೆ ಇಳಿಸಿದೆ.

ಹೊರಗೆ ಮಗ ಕಾಯುತ್ತಿದ್ದರು. ಎಲ್ಲ ಹೇಳಿದೆ. "ಇದು ಕಣ್ಣಿನ ದೋಷವಾ, ಕೈತಪ್ಪಾ?" ಎಂದು ನೇರವಾಗಿ ಕೇಳಿದರು. ಕಣ್ಣು ಕಷ್ಟದ್ದೇ, ಆದರೆ ಆ ಮಾತ್ರೆಯ ಬಗ್ಗೆ ನಾನು ಕೇಳಬೇಕಿತ್ತು ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಮೊದಲ ವಾರ ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಊದಿತ್ತು, ಕಣ್ಣಿನ ಒತ್ತಡ ಏರಿತ್ತು. ಐದನೇ ವಾರ ರೆಟಿನಾದ ನಡುವೆ ಊತ ಬಂತು, ಹನಿಯಲ್ಲೇ ಇಳಿಯಿತು. ಮೂರು ತಿಂಗಳಿಗೆ ಕನ್ನಡಕದಲ್ಲಿ 6/9 ಓದಿದರು, ಪೂರ್ತಿ ದೃಷ್ಟಿಯಾದ 6/6ಕ್ಕೆ ಹತ್ತಿರ. "ಬೆಟ್ಟೆ ಯಾವ್ದು, ಗೊರಬಲು ಯಾವ್ದು ಅಂತ ಈಗ ಗೊತ್ತಾಗ್ತದೆ" ಎಂದು ಅಡಿಕೆಯ ಬಗೆಗಳ ಹೆಸರು ಹೇಳಿದರು. ಆದರೂ ಚೀಲ ಹರಿದ ಕಣ್ಣಿನಲ್ಲಿ ಮುಂದೆ ರೆಟಿನಾ ಕಳಚುವ ಅಪಾಯ ಹೆಚ್ಚು. ಮಿಂಚು ಹೊಡೆದ ಹಾಗೆ ಕಂಡರೆ, ಕಪ್ಪು ಚುಕ್ಕೆಗಳ ಮಳೆ ಸುರಿದ ಹಾಗಾದರೆ, ಪಕ್ಕದಿಂದ ಪರದೆ ಇಳಿದರೆ ತಕ್ಷಣ ಬರಬೇಕು ಎಂದು ಮನೆಯವರಿಗೂ ಹೇಳಿಕೊಟ್ಟೆ.

ಎಡಗಣ್ಣಿಗೂ ಅವರು ನನ್ನ ಹತ್ತಿರವೇ ಬಂದರು. ಈ ಸಲ ಐರಿಸ್ ಹುಕ್ಕು ಹಾಕಿ ಪಾಪೆಯನ್ನು ಹಿಡಿದು ನಿಲ್ಲಿಸಿಕೊಂಡೆ, ಚೀಲ ಉಳಿಯಿತು. ಅಂದಿನಿಂದ ಆಪರೇಷನ್‌ಗೆ ಬರುವ ಯಾರನ್ನೂ ಯಾವ ಮಾತ್ರೆ ಎಂದು ಬಾಯಲ್ಲಿ ಕೇಳಿ ಬಿಡುವುದಿಲ್ಲ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಟಿ ಸಮೇತ ಕೈಚೀಲದಲ್ಲಿ ತನ್ನಿ ಎನ್ನುತ್ತೇನೆ.

ಮಲೆನಾಡಿನವರಿಗೆ ಇನ್ನೊಂದು ಮಾತು ಹೇಳಲೇಬೇಕು. ಆಪರೇಷನ್‌ಗೆ ಮೊದಲು ಕಣ್ಣಿಗೆ 5% ಪೊವಿಡೋನ್ ಅಯೋಡಿನ್ ಹಾಕಿ 3 ನಿಮಿಷ ಬಿಡುತ್ತೇವೆ, ಮುಗಿಸುವಾಗ ಒಳಗೆ ಆಂಟಿಬಯಾಟಿಕ್ ಬಿಡುತ್ತೇವೆ. ಹಾಗಾಗಿ ಸೋಂಕು ಅಪರೂಪ. ಬಂದರೆ ಹೆಚ್ಚಾಗಿ ಮೊದಲ ವಾರದಲ್ಲೇ ಬರುತ್ತದೆ, ಗಂಟೆಗಳ ಲೆಕ್ಕದಲ್ಲಿ ಕಣ್ಣನ್ನು ತಿನ್ನುತ್ತದೆ. ಕೊಟ್ಟಿಗೆಗೆ ಹೋಗಬೇಡಿ, ತಲೆಗೆ ನೀರು ಹಾಕಿಕೊಳ್ಳಬೇಡಿ ಎಂದರೆ ಎಲ್ಲರೂ ಕೇಳುತ್ತಾರೆ. ನೋವು ಬಂದಾಗ ಮಾತ್ರ "ಮಳೆ ಜೋರು, ನಾಳೆ ಬಸ್ಸಿಗೆ ಹೋದರಾಯ್ತು" ಎಂದು ಕೂರುತ್ತಾರೆ. ನೋವು ಹೆಚ್ಚಾದರೆ, ಕಣ್ಣು ಕೆಂಪೇರಿದರೆ, ನಿನ್ನೆ ಕಂಡಿದ್ದು ಇವತ್ತು ಮಂಜಾದರೆ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ. ನಂಬರನ್ನು ಹನಿ ಡಬ್ಬಿಯ ಮೇಲೆ ನಾನೇ ದಪ್ಪಕ್ಷರದಲ್ಲಿ ಬರೆದುಕೊಡುತ್ತೇನೆ.