ಕೆಂಪು ಏರೋಪ್ಲೇನ್ ಚಿಟ್ಟೆಗೆ ಕಾಲು ಯಾವ ಬಣ್ಣ?

ಮಂಡ್ಯದ ಹತ್ತಿರ ವಿ.ಸಿ. ನಾಲೆ ನೀರಿನ ಗದ್ದೆ. ನಾಟಿ ಮುಗಿದಿತ್ತು. ಬದುವಿನ ಮೇಲೆ ಮೊಣಕಾಲೂರಿ ಕೂತಿದ್ದೆ. ದನ ಹೊಡೆದುಕೊಂಡು ಬಂದ ಯಜಮಾನರೊಬ್ಬರು ನಿಂತರು. "ಏನ್ ಕಳ್ಕಂಡ್ರಿ ಸಾ?" ಏರೋಪ್ಲೇನ್ ಚಿಟ್ಟೆ (ಡ್ರ್ಯಾಗನ್‌ಫ್ಲೈ) ಫೋಟೊ ತೆಗೀತಿದೀನಿ ಅಂದೆ. "ನಾವು ದಾರ ಕಟ್ಟಿ ಹಾರುಸ್ತಿದ್ವಿ" ಅಂತ ನಕ್ಕು ಹೋದರು. ನಾನೂ ಕಟ್ಟಿದವನೇ, ಹೇಳಲಿಲ್ಲ ಅಷ್ಟೆ.

ಎರಡು ವರ್ಷ ಮೈಸೂರಿನ ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳಲ್ಲಿ ಕಂಡ ಕೆಂಪು ಏರೋಪ್ಲೇನ್ ಚಿಟ್ಟೆಗೆಲ್ಲ ಕ್ರೋಕೋಥೆಮಿಸ್ ಸರ್ವಿಲಿಯಾ ಅಂತ ಒಂದೇ ಜಾತಿಯ ಹೆಸರು ಬರೆದಿಟ್ಟಿದ್ದೆ. ಗೆಳೆಯರೊಬ್ಬರು ನೋಡಿ, "ಕಾಲು ಯಾವ ಬಣ್ಣ?" ಅಂದರು. ಫೋಟೊಗಳಲ್ಲಿ ಕಾಲೇ ಇರಲಿಲ್ಲ! ಎಲ್ಲಾ ಮೇಲಿಂದ ತೆಗೆದವು, ಅದೂ ಮಟಮಟ ಮಧ್ಯಾಹ್ನ.

ಸರ್ವಿಲಿಯಾ ಗಂಡಿಗೆ ಕಾಲೂ ಕೆಂಪು, ಹೊಟ್ಟೆಯ ಮೇಲೆ ನಡುವೆ ಸಣ್ಣ ಕಪ್ಪು ಗೆರೆ. ಇನ್ನೊಂದು ಕೆಂಪು ಜಾತಿ ಟ್ರೈಥೆಮಿಸ್ ಅರೋರಾ, ಅದರ ಗಂಡಿಗೆ ಕಾಲು ಕಪ್ಪು, ರೆಕ್ಕೆಯ ನರಗಳೇ ಕೆಂಪು, ಮೈಯಲ್ಲಿ ನೇರಳೆ ಛಾಯೆ. ಬಿರುಬಿಸಿಲಲ್ಲಿ ಕ್ಯಾಮೆರಾ ಕೆಂಪನ್ನು ಜಾಸ್ತಿ ಬೆಳಗಿಸಿಬಿಡುತ್ತೆ. ಗೆರೆ, ನರ ಎಲ್ಲಾ ಕೆಂಪಿನೊಳಗೆ ಮಾಯ. ಈಗ ಕೆಂಪು ಹುಳಕ್ಕೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಮುಕ್ಕಾಲು ಸ್ಟಾಪ್‌ನಷ್ಟು ಇಳಿಸುತ್ತೇನೆ. ಮೊದಲು ಪಕ್ಕದಿಂದ, ಆಮೇಲೆ ಮೇಲಿಂದ. ಮುಖದ್ದು ಚೆಂದ ಬರುತ್ತೆ ನಿಜ, ಗುರುತಿಗೆ ಅಷ್ಟು ಉಪಯೋಗವಿಲ್ಲ.

ಹುಳ ಹಾರಿಹೋದರೆ ಹಿಂದೆ ಓಡಬೇಡಿ. ನಾನು ಓಡಿ ಕೆಸರಿಗೆ ಬಿದ್ದಿದ್ದೇನೆ. ಇವು ಸಾಮಾನ್ಯವಾಗಿ ಅದೇ ಕಡ್ಡಿಗೆ ವಾಪಸ್ ಬರುತ್ತವೆ. ಕಡ್ಡಿಗೆ ಫೋಕಸ್ ಮಾಡಿಕೊಂಡು ಸುಮ್ನೆ ಕೂತಿರಬೇಕು, ನಮ್ಮ ನೆರಳು ಅದರ ಮೇಲೆ ಬೀಳಬಾರದು. ಇಬ್ಬನಿ ಆರುವ ಮೊದಲು ಹೋದರೆ ಇನ್ನೂ ಸುಲಭ, ಮೈ ಬೆಚ್ಚಗಾಗುವವರೆಗೆ ಅವು ಕದಲುವುದಿಲ್ಲ.

ಬಣ್ಣವನ್ನೇ ನಂಬಿದರೆ ಹೀಗೂ ಆಗುತ್ತೆ: ಡಿಪ್ಲಾಕೋಡಿಸ್ ಟ್ರಿವಿಯಾಲಿಸ್ ಅನ್ನೋ ಏರೋಪ್ಲೇನ್ ಚಿಟ್ಟೆಯ ಗಂಡು ಎಳೆಯದಿದ್ದಾಗ ಹಸಿರು-ಹಳದಿ, ಬಲಿತ ಮೇಲೆ ನೀಲಿ ಬೂದಿ ಬಳಿದ ಹಾಗೆ. ನನ್ನ ಪಟ್ಟಿಯಲ್ಲಿ ಅದು ಎರಡು ಹುಳ ಆಗಿತ್ತು. ಏರೋಪ್ಲೇನ್ ಚಿಟ್ಟೆಯ ತೆಳ್ಳನೆ ಮೈಯ ನೆಂಟರು ಡ್ಯಾಮ್ಸೆಲ್‌ಫ್ಲೈಗಳ ವಿಷಯ ಕೇಳಲೇಬೇಡಿ. ಅವುಗಳಲ್ಲೊಂದು ಅಗ್ರಿಯೋಕ್ನೆಮಿಸ್ ಪಿಗ್ಮಿಯಾ, ಉದ್ದ ಎರಡು ಸೆಂಟಿಮೀಟರ್ ಆಸುಪಾಸು, ಹುಲ್ಲಿನೊಳಗೆ ಆಟೋಫೋಕಸ್‌ಗೆ ಸಿಗುವುದೇ ಇಲ್ಲ.

ಅವತ್ತು ಒಂದೇ ಬದುವಿನಲ್ಲಿ ಎರಡೂ ಕೆಂಪು ಸಿಕ್ಕವು, ಕಾಲುಸಮೇತ. ಮನೆಗೆ ಬಂದು ಹಳೆಯ ಫೋಲ್ಡರಿನ ಹೆಸರು ಬದಲಿಸಿದೆ: 'ಯಾವುದೋ ಕೆಂಪು'.